ತಿಂದ್ ಕಾಂಬ! ಅಮಾಸೆಬೈಲಿನ ಒಲೆಯ ಮೇಲೆ ಜಾವಾ, ವಿಯೆಟ್ನಾಂ

ಅಮಾಸೆಬೈಲು! ಹೆಸರು ಕೇಳಿದ ಕೂಡಲೇ ನಿಮಗೆ ಕತ್ತಲೆಯ ನೆನಪಾದರೆ ತಪ್ಪೇನಿಲ್ಲ. ಅಮಾಸೆ ಎಂದರೆ ಅಮಾವಾಸ್ಯೆ, ಬೈಲು ಎಂದರೆ ಗದ್ದೆಬಯಲು. ಕುಂದಾಪುರ ತಾಲೂಕಿನ ಮೂಡುಗಡೆ, ಪಶ್ಚಿಮ ಘಟ್ಟದ ಬುಡಕ್ಕೆ ಅಂಟಿಕೊಂಡಂತಿರುವ ಹಳ್ಳಿ ಇದು. ಕುಂದಾಪುರದ ಕಡೆಯಿಂದ ಹೋಗುವವರು ಹಾಲಾಡಿ ಮಾರ್ಗವಾಗಿ ಹೋಗಬೇಕು. ನಮ್ಮಂಥ ಘಟ್ಟದ ಮೇಲಿನವರು ಮಾಸ್ತಿಕಟ್ಟೆ, ಹುಲಿಕಲ್ ದಾಟಿ, ಬಾಳೆಬರೆ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರಕ್ಕೆ ಬಂದು ಅಲ್ಲಿಂದ ಒಳಗೆ ಹೋಗಬೇಕು. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಒಂದು ನಿಂಬೆಹಣ್ಣು ಕೈಯಲ್ಲಿಟ್ಟುಕೊಂಡೇ ಬಸ್ಸು ಹತ್ತಿ.

ಊರಿನ ಕತ್ತಲೆಯ ಕತೆ ಮಾತ್ರ ಈಗ ಹಳೆಯದು. 2022ರಲ್ಲಿ ತೀರಿಕೊಂಡ ಮಾಜಿ ಶಾಸಕ ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ 2010ರ ದಶಕದಲ್ಲಿ ಇಲ್ಲಿ ಮನೆ ಮನೆಗೂ ಸೌರ ದೀಪ ಬಂತು. ಕರೆಂಟು ಹೋದರೂ ಅಡಿಗೆಮನೆಯಲ್ಲಿ ಬೆಳಕಿರುತ್ತದೆ. ಆದರೆ ಆ ದೀಪದ ಬಲದಲ್ಲಿ ಮಿಕ್ಸಿ ತಿರುಗುವುದಿಲ್ಲವಲ್ಲ! ಹಾಗಾಗಿ ನಾನು ಹೋದ ಮನೆಯಲ್ಲಿ ರುಬ್ಬುವ ಕಲ್ಲು ಇನ್ನೂ ಮೂಲೆ ಸೇರಿಲ್ಲ. ಇದನ್ನು ಏಕೆ ಹೇಳಿದೆ ಎಂದರೆ, ಮುಂದೆ ನಾನು ಬರೆಯುವ ಯಾವ ಅಡಿಗೆಗೂ ಓವನ್ ಬೇಡ, ಫ್ರಿಜ್ ಬೇಡ, ಅಂಗಡಿಯ ಸಾಸ್ ಬಾಟಲಿಯೂ ಬೇಡ. ಸಣ್ಣ ಊರಿನಲ್ಲಿ ಕೂತು 'ಇದೆಲ್ಲ ಪೇಟೆಯವರಿಗೆ' ಎಂದು ಪುಟ ಮಗುಚಬೇಡಿ.

ನಮ್ಮ ದೊಡ್ಡಮ್ಮನನ್ನು ಕೊಟ್ಟದ್ದು ಈ ಊರಿಗೆ. ಫೆಬ್ರವರಿಯ ಕೊನೆಯಲ್ಲಿ ಒಂದು ವಾರ ಅಲ್ಲಿದ್ದೆ. ಮನೆಯಲ್ಲಿ ದೊಡ್ಡಮ್ಮ, ಅಣ್ಣ, ಅತ್ತಿಗೆ, ಒಂಬತ್ತನೇ ಕ್ಲಾಸಿನ ಮಗಳು. ಎಷ್ಟು ಚೆಂದದ ಅಡಿಗೆ ಅಂತೀರಿ ಆ ಮನೆಯದು! ಬೆಳಿಗ್ಗೆ ಹಂಚಿನ ಮೇಲೆ ನೀರುದೋಸೆ, ಮಧ್ಯಾಹ್ನ ತಂಬುಳಿ, ಹುಳಿ, ಮಾವಿನಮಿಡಿ. ಎರಡನೆಯ ದಿನ ಸೊಪ್ಪು ಬಿಡಿಸುತ್ತಾ ಕೂತಾಗ ಮಾತಿಗೆ ಕೇಳಿದೆ, "ಅತ್ತಿಗೆ, ನಿಮಗೆ ಏನು ಇಷ್ಟ? ನಾನು ಮಾಡ್ತೀನಿ."

ಅವರ ಕೈ ನಿಂತಿತು. ಬಹಳ ಹೊತ್ತು ಯೋಚಿಸಿದರು. "ಅತ್ತೆಗೆ ಗಂಜಿ ಮೆತ್ತಗಾಯ್ಕ್. ಇವ್ರಿಗೆ ಹುಳಿ ಮುಂದ್ ಇರ್ಕ್. ಹೆಣ್ಣಿಗೆ ಪ್ಯಾಕೆಟಿನ ನೂಡಲ್ಸ್ ಆಯ್ಕ್. ನಂಗೆ..." ಎಂದು ನಕ್ಕುಬಿಟ್ಟರು. "ನಂಗೆ ಎಂತ, ಉಳ್ದದ್ದ್."

ಓದುಗ ಸೋದರಿಯರೇ, ನಿಮ್ಮನ್ನು ಯಾರಾದರೂ ಹೀಗೆ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆಯೇ? ಇಪ್ಪತ್ತು ವರ್ಷ ದಿನಕ್ಕೆ ಮೂರು ಸಲ ಒಲೆ ಹಚ್ಚಿದ ಹೆಂಗಸು, ತನಗೆ ಬೇಕು ಅಂತ ಒಂದು ಅಡಿಗೆ ಮಾಡಿದ್ದೇ ಇಲ್ಲ. ಮಾಡುವುದಾದರೂ ಹೇಗೆ? ಹುಳಿ ಮಾಡಿದರೆ 'ಅಮ್ಮನ ಕೈಯ ಹುಳಿಯಂತಾಗಲಿಲ್ಲ', ಕಡುಬು ಮಾಡಿದರೆ 'ನಮ್ಮಲ್ಲಿ ಹೀಗಲ್ಲ'. ಹಳೆಯ ಅಡಿಗೆಗೆಲ್ಲ ಒಬ್ಬರು ಯಜಮಾನರು ಇದ್ದೇ ಇರುತ್ತಾರೆ. ಆ ಮನೆಯಲ್ಲಿ ಯಾರೂ ಮಾಡಿರದ ಅಡಿಗೆಯಾದರೆ? ಹೀಗಲ್ಲ, ಹಾಗೆ ಎಂದು ತಿದ್ದುವವರು ಯಾರು? ಈ ಯೋಚನೆ ಬಂದದ್ದೇ ತಡ, ನಾನು ಅಟ್ಟ ಹತ್ತಿ ಶ್ಯಾವಿಗೆ ಒರಳು ಇಳಿಸಿದೆ.

ಹುಡುಗಿ ಮೂಗು ಮುರಿದಳು. ಅವಳಿಗೆ ನೂಡಲ್ಸ್ ಎಂದರೆ ಪ್ಯಾಕೆಟಿನದು, ಚೈನೀಸ್ ಎಂದರೆ ಪೇಟೆಯ ಕೆಂಪು ಗೋಬಿ ಮಂಚೂರಿ. ಪ್ಯಾಕೆಟಿನ ದಿಢೀರ್ ನೂಡಲ್ಸನ್ನು ಮೊದಲು ಮಾರುಕಟ್ಟೆಗೆ ತಂದದ್ದು 1958ರಲ್ಲಿ, ಜಪಾನಿನ ಮೊಮೊಫುಕು ಆಂಡೊ. ಮಂಚೂರಿಯಂತೂ ಚೀನಾದ್ದೇ ಅಲ್ಲ. 1975ರ ಸುಮಾರಿಗೆ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗ ಮಾಡಿದ ಕೋಳಿಯ ಮಂಚೂರಿ ಮುಂದೆ ಗೋಬಿಗೆ ತಿರುಗಿತು. ಅದಕ್ಕೆ ಹಾಕುವ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದು ನಿಮಗೂ ಗೊತ್ತಿರಬಹುದು. "ನಿಜವಾದ ಅಕ್ಕಿ ನೂಡಲ್ಸು ನಿಮ್ಮ ಅಟ್ಟದಲ್ಲೇ ಇದೆ ಕಣೇ" ಎಂದೆ. ನಂಬಲಿಲ್ಲ, ಬಿಡಿ.

ಶ್ಯಾವಿಗೆ ಮಾಡುವ ಕ್ರಮ ಕರಾವಳಿಯವರಿಗೆ ಹೇಳಬೇಕಿಲ್ಲ. ಘಟ್ಟದ ಮೇಲಿನವರಿಗಾಗಿ ಎರಡು ಮಾತು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಬಾಣಲೆಯಲ್ಲಿ ಮುದ್ದೆಯಾಗುವವರೆಗೆ ಮಗುಚಿ. ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ. ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ನಿಮ್ಮ ತೋಳು ಸೋಲುತ್ತದೆ. ಒಬ್ಬರು ಒತ್ತಲು, ಒಬ್ಬರು ಎಳೆ ಹಿಡಿಯಲು ಬೇಕು. ಅದಕ್ಕೇ ಇರಬೇಕು ಒರಳು ಅಟ್ಟ ಸೇರಿದ್ದು. ವಿಯೆಟ್ನಾಮಿನಲ್ಲಿ 'ಬುನ್' ಎಂಬ ಅಕ್ಕಿ ಶ್ಯಾವಿಗೆಯೂ ನೆನೆಸಿ ರುಬ್ಬಿದ ಅಕ್ಕಿಯದೇ. ಅವರು ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಮಲೇಶಿಯಾ, ಸಿಂಗಪುರಗಳಲ್ಲಿ ತಮಿಳರು ಒಯ್ದ ಇಡಿಯಾಪ್ಪಕ್ಕೆ ಕಾಯಿತುರಿ, ತಾಳೆಬೆಲ್ಲ ಹಾಕಿ ತಿನ್ನುತ್ತಾರೆ. ನಾವು ಶ್ಯಾವಿಗೆಗೆ ಬೆಲ್ಲದ ಕಾಯಿಹಾಲು ಹಾಕುವುದಿಲ್ಲವೇ?

ನಾವು ಮಾಡಿದ್ದು ವಿಯೆಟ್ನಾಮಿನ ರೀತಿ. ಶ್ಯಾವಿಗೆ ಪೂರ್ತಿ ಆರಬೇಕು. ತಟ್ಟೆಗೆ ಹಾಕಿ, ಮೇಲೆ ಉದ್ದಕ್ಕೆ ಸಣ್ಣಗೆ ಹೆಚ್ಚಿದ ಮುಳ್ಳುಸೌತೆ, ಕ್ಯಾರೆಟ್, ಒಂದು ಹಿಡಿ ಮೊಳಕೆ ಹೆಸರು (ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬೇಯಿಸಿ ತೆಗೆಯಿರಿ), ಪುದಿನ, ಕೊತ್ತಂಬರಿ ಸೊಪ್ಪು ಧಾರಾಳವಾಗಿ, ಹುರಿದು ಕುಟ್ಟಿದ ನೆಲಗಡಲೆ. ಇದಕ್ಕೆ ಒಂದು ನೀರುಗೊಜ್ಜು. ಎರಡು ದೊಡ್ಡ ಚಮಚ ನಿಂಬೆರಸ, ಅಷ್ಟೇ ಬೆಲ್ಲದ ಪುಡಿ, ಐದು ಚಮಚ ಬಿಸಿನೀರು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಕೊಚ್ಚಿದ ಒಂದು ಸೂಜಿಮೆಣಸು, ಉಪ್ಪು. ಅಲ್ಲಿಯವರು ಉಪ್ಪಿನ ಬದಲು ಮೀನು ಕೊಳೆಸಿ ಬಸಿದ ರಸ ಹಾಕುತ್ತಾರೆ; ನಮಗದು ಬೇಡ. ಮೀನು ತಿನ್ನುವ ಮನೆಯವರು ಹುರಿದು ಪುಡಿ ಮಾಡಿದ ಒಣಸಿಗಡಿ ಒಂದು ಚಿಟಿಕೆ ಉದುರಿಸಿಕೊಳ್ಳಬಹುದು.

ದೊಡ್ಡಮ್ಮ ತಟ್ಟೆ ನೋಡಿ, "ಹಸಿ ಸೊಪ್ಪ್ ತಿಂಬುಕೆ ನಾವೆಂತ ದನವಾ?" ಎಂದರು. ಪರದೇಶದ ಅಡಿಗೆ ನಮಗೆಂತಕ್ಕೆ ಎಂಬುದು ಅವರ ವಾದ. ಆದರೆ ನೋಡಿ, ಅವರ ಪ್ರೀತಿಯ ಮೆಣಸಿನಕಾಯಿಯೇ ಪರದೇಶದ್ದು! ಗೇರುಬೀಜ, ಅನಾನಸು, ಪಪ್ಪಾಯಿ, ಮೆಣಸಿನಕಾಯಿ ಎಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಗೆ ಬಂದವು. ಕುಂದಾಪುರದ ಪಕ್ಕದ ಬಸ್ರೂರಿನಿಂದ ಅವರು ಅಕ್ಕಿ ಒಯ್ಯುತ್ತಿದ್ದರು. ಅದಕ್ಕೆ ಮುಂಚೆ ಇಲ್ಲಿ ಖಾರಕ್ಕೆ ಇದ್ದದ್ದು ಕಾಳುಮೆಣಸು. ಕುಂದಾಪುರದ ಕೋಳಿಸಾರಿಗೆ ಹೆಸರು ತಂದ ಆ ಕೆಂಪು ಬಣ್ಣ ಹೊರಗಿನಿಂದ ಬಂದ ಕಾಯಿಯದು. ಇದನ್ನು ಹೇಳಿದಾಗ ದೊಡ್ಡಮ್ಮ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. "ಆಯ್ತ್, ತಿಂದ್ ಕಾಂಬ" ಎಂದರು. ಗೊಜ್ಜಿಗೆ ಎರಡನೆಯ ಸಲ ಕೈ ಚಾಚಿದ್ದನ್ನು ನಾನು ನೋಡಿದೆ.

ಅತ್ತಿಗೆ ಮಾತ್ರ ಒಂದು ಮಾತೂ ಆಡದೆ ತಿಂದರು. ಎಲ್ಲರ ಜೊತೆ ಕೂತು, ಬಿಸಿ ಬಡಿಸುವ ಗೊಡವೆ ಇಲ್ಲದೆ! ಆರಿದ ಶ್ಯಾವಿಗೆಯ ಈ ಊಟದ ದೊಡ್ಡ ಗುಣ ಇದೇ. ಮಾಡಿದವಳು ಕಾವಲಿಯ ಎದುರು ನಿಂತಿರಬೇಕಿಲ್ಲ. ನೀರುದೋಸೆ ದಿನ ನಿಮ್ಮ ಮನೆಯಲ್ಲಿ ಕೊನೆಯ ದೋಸೆ ಯಾರಿಗೆ, ಅದು ಎಷ್ಟು ಬಿಸಿ ಇರುತ್ತದೆ ಎಂದು ನಾನು ಕೇಳುವುದಿಲ್ಲ. (ನೀರುದೋಸೆ ಎಂದಾಗ ನೆನಪಾಯಿತು. ಅದೇ ಹಿಟ್ಟಿಗೆ ಕಾಯಿಹಾಲು, ಚಿಟಿಕೆ ಅರಿಶಿನ ಹಾಕಿ, ಎಣ್ಣೆ ಬಿಟ್ಟು ಗರಿಗರಿಯಾಗಿ ಹೊಯ್ದು, ಮೊಳಕೆಕಾಳು ತುಂಬಿ ಮಡಿಸಿದರೆ ವಿಯೆಟ್ನಾಮಿನ 'ಬಾನ್ ಸೆಯೊ'ಗೆ ಬಹಳ ಹತ್ತಿರ. ಅದರ ಹೆಸರಿನ ಅರ್ಥವೇ ಚುಂಯ್ ಅನ್ನುವ ತಿಂಡಿ ಅಂತೆ!)

ಪಶ್ಚಿಮದ ಅಡಿಗೆಯ ವಿಷಯ ಬೇಗ ಮುಗಿಸುತ್ತೇನೆ. ಮೈದಾ, ಬೆಣ್ಣೆ, ಹಾಲಿನ ವೈಟ್ ಸಾಸಿಗೆ ಆ ಮನೆಯಲ್ಲಿ ಮರ್ಯಾದೆ ಸಿಗಲಿಲ್ಲ. "ಗೋಡೆಗೆ ಪೋಸ್ಟರ್ ಅಂಟ್ಸೂಕೆ ಆತ್ತ್" ಎಂದ ಅಣ್ಣ. ನನಗೂ ಅಂಥ ಮೋಹವೇನಿಲ್ಲ. ಗೆದ್ದದ್ದು ಸಿಹಿಗುಂಬಳದ ಸೂಪು. ಒಂದು ಚಮಚ ಬೆಣ್ಣೆಯಲ್ಲಿ ಒಂದು ಈರುಳ್ಳಿ ಬಾಡಿಸಿ, ಕಾಲು ಕೆ.ಜಿ. ಕುಂಬಳ, ಒಂದು ಸಣ್ಣ ಆಲೂಗಡ್ಡೆ, ಎರಡು ಲೋಟ ನೀರು ಹಾಕಿ ಬೇಯಿಸಿ, ಕಡೆಗೋಲಿನಿಂದ ಮಸೆದು, ಅರ್ಧ ಲೋಟ ಹಾಲು ಸೇರಿಸಿ ಬಿಸಿ ಮಾಡಿದರಾಯಿತು. ಮೇಲೆ ಆಗಷ್ಟೇ ಕುಟ್ಟಿದ ಕಾಳುಮೆಣಸು, ಅಂಗಳದ ಬಳ್ಳಿಯದೇ. ಈ ಮೆಣಸಿಗಾಗಿ ಅಲ್ಲವೇ ಪಶ್ಚಿಮದವರು ಸಮುದ್ರ ದಾಟಿ ಬಂದದ್ದು! ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹಲ್ಲಿಲ್ಲದ ದೊಡ್ಡಮ್ಮನಿಗೆ ಗಂಜಿಯ ಬದಲು ರಾತ್ರಿಗೆ ಇದು ಹಿತವಾಯಿತು.

ಇನ್ನು ಜಾವಾದ ಅಡಿಗೆ. ಇದು ಅತ್ತಿಗೆಯೇ ಆರಿಸಿದ್ದು. ಯೋಗ್ಯಕರ್ತ ಎಂಬ ಊರಿನಲ್ಲಿ ಎಳೆ ಹಲಸನ್ನು ಕಾಯಿಹಾಲು, ತಾಳೆಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸಿ 'ಗುಡೆಗ್' ಮಾಡುತ್ತಾರೆ, ಕಂದು ಬಣ್ಣ ಬರಲು ಪಾತ್ರೆಗೆ ಸಾಗುವಾನಿ ಎಲೆ ಹಾಕುತ್ತಾರೆ ಎಂದಾಗ ಅವರ ಕಣ್ಣು ಅರಳಿತು. "ಸಾಗುವಾನಿ ಎಲೆಯಾ! ಚಿಕ್ಕವರಿದ್ದಾಗ ತಿಕ್ಕಿ ಕೈ ಕೆಂಪು ಮಾಡ್ಕಂತಿತ್ತ್." ಹಲಸು, ತೆಂಗು, ಗೇರುಬೀಜ, ಮಜ್ಜಿಗೆಹುಲ್ಲು ಎಲ್ಲ ಹಿತ್ತಲಲ್ಲೇ ಇದೆ. ಪೇಟೆಯಿಂದ ತಂದದ್ದು ಓಲೆಬೆಲ್ಲ ಒಂದೇ.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಅರ್ಧ ಕೆ.ಜಿ. ಆಗುವಷ್ಟು ಗುಜ್ಜೆಯ ಹೋಳು ಮಾಡಿ, ಮೇಣ ಹೋಗುವಂತೆ ಒಂದು ಕುದಿ ಕುದಿಸಿ ನೀರು ಚೆಲ್ಲಿ. ಎಂಟು ಸಣ್ಣ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಚಮಚ ಕೊತ್ತಂಬರಿ ಬೀಜ, ಎಂಟು ಗೇರುಬೀಜ, ಒಂದು ಇಂಚು ಶುಂಠಿ ನುಣ್ಣಗೆ ಅರೆಯಿರಿ. (ಜಾವಾದಲ್ಲಿ ಹಾಕುವುದು ಬೇರೆ ಎಣ್ಣೆಬೀಜ, ಗೇರುಬೀಜ ಅದರ ಕೆಲಸ ಮಾಡುತ್ತದೆ.) ಒಂದು ತೆಂಗಿನಕಾಯಿಯ ಮೂರು ಹಾಲು ಬೇರೆ ಬೇರೆ ತೆಗೆದಿಡಿ. ಹೋಳು, ಅರೆದ ಮಸಾಲೆ, ಗಂಟು ಕಟ್ಟಿದ ಮಜ್ಜಿಗೆಹುಲ್ಲು ಎರಡು ದಂಟು, ನೂರು ಗ್ರಾಂ ಬೆಲ್ಲ, ಉಪ್ಪು, ಎರಡು ಮೂರನೆಯ ಹಾಲು ಹಾಕಿ ಸಣ್ಣ ಉರಿಯಲ್ಲಿಡಿ. ನಾವು ಹೋದ ಸಮಯಕ್ಕೆ ಸಾಗುವಾನಿ ಎಲೆ ಉದುರಿ ಬೋಳಾಗಿತ್ತು. ಹಾಗಾಗಿ ಅರ್ಧ ಲೋಟ ಚಹಾದ ಡಿಕಾಕ್ಷನ್ ಸುರಿದೆವು. ಎಲೆ ಸಿಗದ ಕಡೆ ಜಾವಾದವರೂ ಹಾಗೇ ಮಾಡುತ್ತಾರೆ. ಮೂರು ಗಂಟೆಗೆ ಕಡಿಮೆಯಿಲ್ಲದಂತೆ ಬೇಯಲಿ. ನೀರು ಆರುತ್ತಾ ಬಂದಾಗ ಗಟ್ಟಿ ಹಾಲು ಹಾಕಿ ಇಳಿಸಿ. ಸೌದೆ ಒಲೆ ಇದ್ದವರು ಕೆಂಡದ ಮೇಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ಗ್ಯಾಸಿನವರು ಗುಜ್ಜೆಯನ್ನು ಮೊದಲೇ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿಕೊಂಡರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ, ರುಚಿ ಸ್ವಲ್ಪ ಕಮ್ಮಿ.

ಸಿಹಿ ಪಲ್ಯ ಎಂದರೆ ಆ ಮನೆಯಲ್ಲಿ ಅಪಚಾರ. ಅಣ್ಣ ಒಂದು ತುತ್ತು ತಿಂದು, "ಖಾರವೇ ಇಲ್ಲ, ಎಂತದ್ ಇದ್?" ಎಂದ. ಅತ್ತಿಗೆ ತಲೆ ಎತ್ತಲಿಲ್ಲ. "ಇದ್ ಹೀಂಗೇ ಇಪ್ಪುದ್" ಎಂದರು. ದೊಡ್ಡಮ್ಮ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಬೇಕಾರೆ ಮಿಡಿ ನೆಂಚ್ಕೊ" ಎಂದರು. ಮಿಡಿ ಉಪ್ಪಿನಕಾಯಿ ನೆಂಚಿಕೊಂಡರೆ ಗುಡೆಗ್ ಬಹಳ ಚೆನ್ನಾಗಿರುತ್ತದೆ, ನೀವೂ ಹಾಗೇ ಮಾಡಿ. ಅತ್ತಿಗೆ ಮಾತ್ರ ಬರೀ ಅನ್ನಕ್ಕೆ ಕಲಸಿಕೊಂಡು ಎರಡು ಸಲ ಬಡಿಸಿಕೊಂಡರು. ಮಿಕ್ಕದ್ದನ್ನು ಮುಚ್ಚಿ, ಬೆಳಿಗ್ಗೆ ಬಿಸಿ ಮಾಡಿ ತಿನ್ನಲು ತಮಗೆಂದೇ ಎತ್ತಿಟ್ಟರು. ಎರಡನೆಯ ದಿನ ರುಚಿ ಹೆಚ್ಚು, ಅದೂ ನಿಜ. ಆದರೆ ಕಾಯಿಹಾಲಿನ ಅಡಿಗೆಯಾದ್ದರಿಂದ, ಫ್ರಿಜ್ ಇಲ್ಲದವರು ಮಲಗುವ ಮುಂಚೆ ಒಮ್ಮೆ ಚೆನ್ನಾಗಿ ಕುದಿಸಿಡಬೇಕು.

ಹೊರಡುವ ದಿನ ಬಸ್ಸಿಗೆ ಕಾಯುವಾಗ ಅತ್ತಿಗೆ ಕೇಳಿದ್ದು ಮಳೆಗಾಲದ ಕಳಲೆಯನ್ನು ಥಾಯ್ಲೆಂಡಿನವರು ಹೇಗೆ ಮಾಡುತ್ತಾರೆ ಎಂದು. ನಿಮಗೂ ಹೇಳಿಬಿಡುತ್ತೇನೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ನಮ್ಮ ಹಿರಿಯರಂತೆ ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸಿ ಮೂರು ದಿನ ನೆನೆಸಿ, ಕುದಿಸಿ ನೀರು ಚೆಲ್ಲಲೇಬೇಕು. ಅದರಲ್ಲಿ ರಾಜಿ ಇಲ್ಲ. ಆಮೇಲೆ ಹಸಿಮೆಣಸು, ಕೊತ್ತಂಬರಿ ಬೇರು, ಬೆಳ್ಳುಳ್ಳಿ, ಮಜ್ಜಿಗೆಹುಲ್ಲು ಅರೆದು, ಕಾಯಿಹಾಲಿನಲ್ಲಿ ಕುದಿಸಿ, ಇಳಿಸುವಾಗ ನಿಂಬೆ ಎಲೆ ಹರಿದು ಹಾಕಿ. ಕೊತ್ತಂಬರಿ ಬೇರನ್ನು ನಾವು ಕತ್ತರಿಸಿ ಎಸೆಯುತ್ತೇವಲ್ಲ, ಇನ್ನು ಮೇಲೆ ತೊಳೆದು ಎತ್ತಿಡಿ.