ಡ್ಯೂಟಿ ಚಾರ್ಟಿನಲ್ಲಿ ಇಲ್ಲದ ಹೆಸರು

ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಾಲೇಜು ಮತ್ತು ಊರಿನ ಪುರಸಭೆ ಸೇರಿ 15 ದಿನಗಳ ಮಕ್ಕಳ ಬೇಸಿಗೆ ಶಿಬಿರ ನಡೆಸಿದವು. ಜಾಗ, ಬಸ್‌ಸ್ಟ್ಯಾಂಡಿನ ಹಿಂದಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೈದಾನ. ಸಮಯ, ಬೆಳಿಗ್ಗೆ 7:30ರಿಂದ 10:30. ಹಾವೇರಿ ಕಡೆಯ ಏಪ್ರಿಲ್ ಬಿಸಿಲು ಕಂಡವರಿಗೆ ಈ ಸಮಯದ ಕಾರಣ ಹೇಳಬೇಕಾಗಿಲ್ಲ. ಪುರಸಭೆಯವರು ಮೈದಾನ ಗುಡಿಸಿ, ನೀರಿನ ಟ್ಯಾಂಕರ್ ಕಳಿಸುವುದು. ನಾವು ಎರಡನೇ ವರ್ಷದ ಎಂಟು ಮಂದಿ ಪ್ರಶಿಕ್ಷಣಾರ್ಥಿಗಳು ಮಕ್ಕಳನ್ನು ನೋಡಿಕೊಳ್ಳುವುದು. ಹೀಗೆಂದು ಮಾತಾಗಿತ್ತು.

ಡ್ಯೂಟಿ ಚಾರ್ಟ್ ಮಾಡುವ ಕೆಲಸವನ್ನು ನಮ್ಮ ಮಾರ್ಗದರ್ಶಕರು ನನಗೆ ವಹಿಸಿದರು. ನನ್ನ ಪಾಠಯೋಜನೆಗಳು ಅಚ್ಚುಕಟ್ಟಾಗಿರುತ್ತವೆ ಎಂಬ ಹೆಸರಿತ್ತು. ಚಾರ್ಟನ್ನೂ ಹಾಗೆಯೇ ಮಾಡಿದೆ. ಎಡಗಡೆ ಚಟುವಟಿಕೆ: ಹಾಡು, ಚಿತ್ರ, ಮಣ್ಣಿನ ಕೆಲಸ, ಕಥೆ, ಆಟ. ಮೇಲೆ ದಿನಾಂಕ. ನಡುವಿನ ಮನೆಗಳಲ್ಲಿ ನಮ್ಮ ಹೆಸರು. ಹಾಡು ಬಲ್ಲವರಿಗೆ ಹಾಡು, ಕೈ ಓಡುವವರಿಗೆ ಚಿತ್ರ. ಎಂಟೂ ಜನ ದಿನವೂ ಬರುವುದು ಕಷ್ಟವೆಂದು ದಿನ ಬಿಟ್ಟು ದಿನ ನಾಲ್ಕು ನಾಲ್ಕು ಮಂದಿ. ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದಾಗ ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

60 ಮಕ್ಕಳು ಬರಬಹುದು ಎಂದುಕೊಂಡಿದ್ದೆವು. ಮೂರನೇ ದಿನಕ್ಕೆ 80 ದಾಟಿತು.

ಆ ಮೂರನೇ ದಿನ 10:30ಕ್ಕೆ ಮಕ್ಕಳೆಲ್ಲ ಹೋದ ಮೇಲೆ ಹಾಡಿನ ಕೋಣೆಯ ಮೂಲೆಯಲ್ಲಿ ಒಂದು ಚೀಲ ಉಳಿದಿತ್ತು. ಒಳಗೆ ನೀರಿನ ಬಾಟಲಿ, ಒಂದು ಪಾರ್ಲೆ-ಜಿ ಪೊಟ್ಟಣ, ಮೊಂಡು ಪೆನ್ಸಿಲ್. ಯಾರದೆಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಗೇಟಿನ ರಿಜಿಸ್ಟರ್ ನೋಡಿದೆವು. ಆ ದಿನ ಹೊಸದಾಗಿ ಸೇರಿದ ಏಳು ವರ್ಷದ ಒಬ್ಬ ಹುಡುಗನ ಹೆಸರು ಅಲ್ಲಿತ್ತು. ಗುಂಪಿನ ಪಟ್ಟಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಹಾಡು ಕಲಿಸಿದ ಗೆಳತಿ, "9:15ಕ್ಕೆ ಎಲ್ಲರನ್ನೂ ಆಟಕ್ಕೆ ಕಳಿಸಿದೆ" ಎಂದಳು. ಆಟ ಆಡಿಸಿದ ಗೆಳೆಯ, "ನನ್ನ ಪಟ್ಟಿಯಲ್ಲಿದ್ದವರು ಎಲ್ಲರೂ ಇದ್ದರು" ಎಂದ. ಇಬ್ಬರೂ ಹೇಳಿದ್ದು ನಿಜ. ಇಬ್ಬರ ನಡುವೆ ಹುಡುಗ ಇಲ್ಲ.

ಶೌಚಾಲಯ, ನೀರಿನ ತೊಟ್ಟಿಯ ಹಿಂಭಾಗ, ಅಡುಗೆ ಕೋಣೆ, ಪಕ್ಕದ ಪಾರ್ಕು, ಎಲ್ಲ ಹುಡುಕಿದೆವು. ನನ್ನ ಕೈಕಾಲು ತಣ್ಣಗಾಗಿತ್ತು. ಆಗ ಕಾಂಪೌಂಡಿನ ಮೇಲೆ ಕೂತಿದ್ದ ಒಬ್ಬ ದೊಡ್ಡ ಹುಡುಗ ಕೇಳಿದ: "ಹಸರ ಅಂಗಿ ಹುಡುಗನೇನ್ರೀ? ಅಂವಾ ಆಗಳೇ ಹ್ವಾದ್ನಲ್ರೀ. ಗಿರಣಿ ಓಣ್ಯಾಗ ಅವರ ಮನಿ."

"ನೋಡಿದವನು ಹೇಳಬಾರದಾಗಿತ್ತೇನೋ?" ಎಂದೆ.

"ನನ್ನ ಯಾರ್ ಕೇಳ್ಯಾರ್ರೀ?"

ಗಿರಣಿ ಓಣಿಯ ತಿರುವಿನಲ್ಲೇ ಹುಡುಗನ ಕೈ ಹಿಡಿದುಕೊಂಡು ಅವನ ತಾಯಿ ಎದುರಾದರು. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಅವರದು. ಮನೆಗೆ ಬಂದಾಗ ಮಗ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದ. ಒಂದು ತಾಸಿನ ಮೇಲಾಗಿತ್ತು. "ಯಾಕ್ರೀ ಅಕ್ಕೋರ, ಇವತ್ತ ಲಗೂನ ಬಿಟ್ರಿ? ಇಂವಾ ಚೀಲಾ ಅಲ್ಲೇ ಬಿಟ್ಟ ಬಂದಾನ. ಕೇಳಿದ್ರ, ಅವರು ಬಿಟ್ಟಿಲ್ಲ, ನಾನ ಬಂದೇನಿ ಅಂತಾನ."

ನಾನು "ಹೌದ್ರೀ, ಇವತ್ತು ಸ್ವಲ್ಪ ಬೇಗ ಬಿಟ್ಟಿದ್ವಿ" ಎಂದುಬಿಟ್ಟೆ.

ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ. ತಾಯಿ ಅವನ ತಲೆಗೆ ಮೆಲ್ಲಗೆ ಮೊಟಕಿ, "ಸುಳ್ಳ ಹೇಳ್ತಿಯೇನ" ಎಂದರು. ನಿಜ ಹೇಳಿದ್ದು ಅವನು. ಸುಳ್ಳು ಹೇಳಿದ್ದು ಅವನ ಅಕ್ಕೋರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ, ಅವರು ಕೆಲಸಕ್ಕೆ ಹೊರಡುವ ಮೊದಲೇ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಹುಡುಗನ ಎದುರಿಗೇ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಾ ಕೆಲಸಕ್ಕ ಹೋದಾಗ ಇಂವಾ ಒಬ್ಬನ ಇರತಾನ ಅಂತನ ನಿಮ್ಮ ಕಡೆ ಕಳಸೀನ್ರಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಹುಡುಗನನ್ನು ಯಾಕೆ ಹೋದೆ ಎಂದು ಕೇಳಿದೆ. "ಆಟಕ್ಕ ಎಲ್ಲಾರ ಹೆಸರ ಕರದ್ರಿ, ನಂದ ಕರೀಲಿಲ್ರೀ" ಎಂದ.

ಆ ದಿನ ಗೋಡೆಯ ಚಾರ್ಟ್ ತೆಗೆದೆವು. ನಮ್ಮ ತಪ್ಪು ಎಲ್ಲಿತ್ತು ಎಂದು ಎಂಟೂ ಜನ ಕೂತು ಮಾತಾಡಿದೆವು. ಚಾರ್ಟಿನಲ್ಲಿ ಚಟುವಟಿಕೆಗಳಿಗೆಲ್ಲ ಒಬ್ಬೊಬ್ಬ ಯಜಮಾನರಿದ್ದರು, ಮಕ್ಕಳಿಗೆ ಇರಲಿಲ್ಲ. ಮಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಆ ಎರಡು ನಿಮಿಷ ಯಾರ ಲೆಕ್ಕದಲ್ಲೂ ಇರಲಿಲ್ಲ. ತರಗತಿಯಲ್ಲಿ ಈ ತೊಂದರೆ ಕಾಣುವುದಿಲ್ಲ. ಅಲ್ಲಿ ಮಕ್ಕಳು ಕೂತಿರುತ್ತಾರೆ, ಅವಧಿ ಮುಗಿದಾಗ ಶಿಕ್ಷಕರು ಬದಲಾಗುತ್ತಾರೆ. ಮೈದಾನದಲ್ಲಿ ಓಡಾಡುವವರು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕರೆಂದು ಹೇಳುತ್ತದೆ. ಅದು ನಾಲ್ಕು ಗೋಡೆಯ ಲೆಕ್ಕ. ಗೇಟು ತೆರೆದಿರುವ ಬಯಲಿಗೆ ಅದನ್ನೇ ತಂದರೆ ಸಾಲದು.

ಹೊಸ ಚಾರ್ಟ್ ಹೀಗಿತ್ತು. ಎಂಟೂ ಜನ ದಿನವೂ ಬರಬೇಕು. ಏಳು ಮಂದಿಗೆ ಹನ್ನೆರಡು ಹನ್ನೆರಡು ಮಕ್ಕಳು, ಕೊನೆಯ ದಿನದವರೆಗೂ ಅದೇ ಮಕ್ಕಳು. ಚಟುವಟಿಕೆ ಬದಲಾಗಲಿ, ಮಕ್ಕಳ ಜೊತೆಗಿನ ಮನುಷ್ಯ ಬದಲಾಗಬಾರದು. ಹಾಡಿಗೆ ಹೋದರೆ ಗುಂಪಿನ ಅಕ್ಕನೂ ಹೋಗಿ ಮಕ್ಕಳ ಜೊತೆ ಕೂತು ಹಾಡುವುದು. ದಿನಕ್ಕೆ ನಾಲ್ಕು ಸಲ ಎಣಿಕೆ: ಬಂದಾಗ, ಜಾಗ ಬದಲಿಸಿದಾಗ, ನೀರಿನ ಬಿಡುವಾದ ಮೇಲೆ, ಹೊರಡುವಾಗ. ಎಣಿಸುವುದೆಂದರೆ ತಲೆ ಎಣಿಸುವುದಲ್ಲ, ಹೆಸರು ಹಿಡಿದು ಕರೆಯುವುದು. ಹೊಸ ಮಗು ಬಂದರೆ ಗೇಟಿನಲ್ಲಿದ್ದವರೇ ಗುಂಪಿನವರೆಗೆ ಕೈ ಹಿಡಿದು ಕರೆತಂದು, ಪಟ್ಟಿಯಲ್ಲಿ ಹೆಸರು ಬರೆಸಿಯೇ ಹಿಂದಿರುಗಬೇಕು.

ಎಂಟನೆಯವರಿಗೆ ಗುಂಪು ಇಲ್ಲ, ಚಟುವಟಿಕೆಯೂ ಇಲ್ಲ. ಅವರನ್ನು "ಖಾಲಿ ಕೈಯವರು" ಎಂದು ಕರೆದೆವು. ಮೊಣಕಾಲು ತರಚಿಕೊಂಡವರಿಗೆ, ಅಳುವವರಿಗೆ, ಗೇಟಿಗೆ ಬಂದ ಪಾಲಕರಿಗೆ, ಶೌಚಾಲಯಕ್ಕೆ ಹೋಗುವ ಚಿಕ್ಕವರಿಗೆ ಅವರು. ಮೊದಲು ಇದು ದಂಡ ಎನಿಸಿತು, ಒಬ್ಬರು ಸುಮ್ಮನೆ ನಿಂತಿದ್ದಾರಲ್ಲ ಎಂದು. ಎರಡು ದಿನದಲ್ಲಿ ಗೊತ್ತಾಯಿತು: ಅವರು ಇಲ್ಲದಿದ್ದಾಗ ಒಂದು ಮಗು ಬಿದ್ದರೆ ಹನ್ನೊಂದು ಮಕ್ಕಳನ್ನು ಬಿಟ್ಟು ಓಡಬೇಕಾಗುತ್ತದೆ.

10:30ಕ್ಕೆ ಗೇಟು ಹಾಕುವುದನ್ನೂ ಬಿಟ್ಟೆವು. ಕೆಲಸದಿಂದ ಬರುವ ತಾಯಂದಿರಿಗಾಗಿ 11:15ರವರೆಗೆ ಇಬ್ಬರು ಉಳಿಯುತ್ತಿದ್ದೆವು. ನಾವು ಇದನ್ನು ಸೃಜನಶೀಲತೆಯ ಶಿಬಿರವೆಂದು ಫ್ಲೆಕ್ಸಿನಲ್ಲಿ ಬರೆಸಿದ್ದೆವು. ಅನೇಕ ಮನೆಗಳಿಗೆ ಅದು, ರಜೆಯಲ್ಲಿ ಮಗು ಒಬ್ಬಂಟಿಯಾಗದೆ ಇರುವ ಜಾಗವಾಗಿತ್ತು.

ಕಾಂಪೌಂಡಿನ ಮೇಲೆ ಕೂತಿದ್ದ ಹುಡುಗನ ಮಾತು ಉಳಿಯಿತು. ಆ ಮೈದಾನ ರಜೆಯಲ್ಲಿ ಅವನಂಥವರದು. ಬೆಳಗಾದರೆ ಹತ್ತು ಹನ್ನೆರಡು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಾವು ಬಂದು ಅವರ ಪಿಚ್ಚಿನ ಮೇಲೆ ಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಮನೆ ಬರೆದಿದ್ದೆವು. ಅವರು ಶಿಳ್ಳೆ ಹಾಕಿದರೆಂದು ಎರಡು ಸಲ ಓಡಿಸಿಯೂ ಇದ್ದೆವು. ಊರಿನ ಮಕ್ಕಳಿಗೆ ಶಿಬಿರ ಎಂದು ಹೇಳುತ್ತಾ ಊರಿನ ಹದಿನಾರು ಹದಿನೇಳರ ಹುಡುಗರಿಂದ ಆಟದ ಜಾಗ ಕಿತ್ತುಕೊಂಡಿದ್ದೇವೆಂದು ನಮಗೆ ಹೊಳೆದಿರಲಿಲ್ಲ.

ಹೋಗಿ ಕೇಳಿದೆ. 7:15ರವರೆಗೆ ಮೈದಾನ ಅವರದು, ಆಮೇಲೆ ನಮ್ಮದು ಎಂದು ಒಪ್ಪಂದವಾಯಿತು. ಅವರಲ್ಲಿ ಮೂವರು ಸಹಾಯಕ್ಕೆ ನಿಂತರು. ಒಂದೇ ಕಟ್ಟುನಿಟ್ಟು: ಯಾವ ಸಹಾಯಕನೂ, ನಮ್ಮಲ್ಲಿ ಯಾರೂ, ಒಂದು ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿ ಇರಬಾರದು. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಯಾರಿಗೂ ಅವಮಾನವಾಗಲಿಲ್ಲ. ಗಿರಣಿ ಓಣಿ ತೋರಿಸಿದ ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಫೇಲಾದವನು. ಲಗೋರಿಯಲ್ಲಿ ಎರಡು ತಂಡಗಳನ್ನು ಜಗಳವಾಗದಂತೆ ಹಂಚುವುದರಲ್ಲಿ ನಾನು ಅವನಿಂದ ಕಲಿತೆ. ಅವನು ಗಟ್ಟಿ ಆಟಗಾರರನ್ನು ಮೊದಲು ಬೇರೆ ಮಾಡಿ, ಚಿಕ್ಕವರಿಗೇ ಆರಿಸಲು ಬಿಡುತ್ತಿದ್ದ. ಯಾವ ಮಗು ಯಾವ ಓಣಿಯದು, ಯಾರ ಮನೆಯಲ್ಲಿ ಯಾರಿದ್ದಾರೆ, ಎಲ್ಲ ಅವನಿಗೆ ಗೊತ್ತು. ನಮ್ಮ ರಿಜಿಸ್ಟರಿನಲ್ಲಿ ಅದಾವುದೂ ಇರಲಿಲ್ಲ.

ಇನ್ನೊಂದು ಕೊರತೆ ರಿಜಿಸ್ಟರಿನಲ್ಲೇ ಇತ್ತು, ನಾವು ಓದಿರಲಿಲ್ಲ. ಹತ್ತು ವರ್ಷದೊಳಗಿನವರಲ್ಲಿ ಹುಡುಗಿಯರು ಹುಡುಗರಷ್ಟೇ ಇದ್ದರು. ಹನ್ನೆರಡು ದಾಟಿದ ಹುಡುಗಿಯರು ಇಬ್ಬರೇ. ಒಬ್ಬ ಹುಡುಗಿ ದಿನವೂ ತಂಗಿಯನ್ನು ಬಿಡಲು ಬಂದು, ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ಗೇಟಿನಲ್ಲೇ ನಿಂತು ನೋಡುತ್ತಿದ್ದಳು. ಒಳಗೆ ಬಾ ಎಂದರೆ, "ತಮ್ಮ ಅದಾನಲ್ರೀ" ಎನ್ನುತ್ತಿದ್ದಳು. ಆರನೇ ದಿನ ಜಗಲಿಯಲ್ಲಿ ಎರಡು ಜಮಖಾನ ಹಾಸಿ, ತಮ್ಮಂದಿರನ್ನೂ ಕರೆತನ್ನಿ ಎಂದೆವು. ಶಿಬಿರ ಅಂಗನವಾಡಿಯಾಗುತ್ತದೆ ಎಂದು ನಮ್ಮಲ್ಲೇ ಕೆಲವರು ಗೊಣಗಿದರು. ಐದಾರು ಹುಡುಗಿಯರು ಬಂದರು. ಸರದಿಯಲ್ಲಿ ಇಬ್ಬರು ಚಿಕ್ಕವರನ್ನು ನೋಡಿಕೊಂಡರೆ ಉಳಿದವರು ಖೋ ಖೋ ಆಡಿದರು.

1992ರ 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಉದ್ಯಾನ, ಆಟದ ಮೈದಾನಗಳೂ ಅದರಲ್ಲಿವೆ. ಪುರಸಭೆಯ ಸಭೆಗೆ ಹೋಗಿ ನಾನು ಇದನ್ನೇ ಹೇಳಿದೆ. ಮೈದಾನವಿದೆ, ಗೇಟೂ ಇದೆ; ಗೇಟು ತೆರೆದು, ಬಂದವರ ಹೆಸರು ಕರೆಯುವ ಒಬ್ಬ ಮನುಷ್ಯನಿಗೆ ಸಂಬಳ ಇಲ್ಲ. ಫ್ಲೆಕ್ಸಿಗೆ, ಸಮಾರೋಪದ ಶಾಲು ಹಾರಗಳಿಗೆ ಹಣ ಇತ್ತು. ಕೊನೆಗೆ ಶಾಲುಗಳ ಹಣದಲ್ಲಿ ಮೂವರು ಹುಡುಗರಿಗೂ ಜಗಲಿ ನೋಡಿಕೊಂಡ ಹುಡುಗಿಯರಿಗೂ ಸಣ್ಣ ಗೌರವಧನ ಕೊಟ್ಟರು. ಮೊತ್ತ ಹೆಚ್ಚಲ್ಲ. ಆದರೆ ಕೆಲಸವನ್ನು ಕೆಲಸವೆಂದು ಒಪ್ಪಿದ್ದು ದೊಡ್ಡದು. ಪುತ್ತೂರಿನ ಬಾಲವನವನ್ನು ನಾವು ಇಂದಿಗೂ ನೆನೆಯುವುದು ಅಲ್ಲಿನ ಕಟ್ಟಡಕ್ಕಾಗಿ ಅಲ್ಲ, ಅಲ್ಲಿ ಮಕ್ಕಳ ನಡುವೆ ಶಿವರಾಮ ಕಾರಂತರು ಇದ್ದರು ಎಂದು.

ಇದನ್ನೆಲ್ಲ ಅಭ್ಯಾಸ ಬೋಧನೆಯ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ? ಎನ್‌ಸಿಟಿಇಯ 2014ರ ನಿಯಮಗಳಲ್ಲಿ ಬಿ.ಇಡಿ.ಯ ಕ್ಷೇತ್ರಾನುಭವವೆಂದರೆ ಶಾಲೆ ಮಾತ್ರವಲ್ಲ, ಮಗು ಮತ್ತು ಸಮುದಾಯವೂ ಸೇರಿದೆ. ನಾವು ಸಮುದಾಯ ಎಂಬುದನ್ನು ಒಂದು ವರದಿ, ನಾಲ್ಕು ಫೋಟೋಗಳಲ್ಲಿ ಮುಗಿಸುತ್ತೇವೆ. ನನಗೆ ಆ 15 ದಿನಗಳು ಇಂಟರ್ನ್‌ಶಿಪ್ಪಿನ ವಾರಗಳಷ್ಟೇ ಕಲಿಸಿದವು. ಆಮೇಲೆ ಏಳನೇ ತರಗತಿಯಲ್ಲಿ ಪಾಠ ಮಾಡುವಾಗ ಮೊದಲು ಎಲ್ಲರ ಹೆಸರು ಕರೆದು, ಮುಖ ನೋಡಿ, ಆಮೇಲೆ ಪೀಠಿಕೆಗೆ ಹೋಗುತ್ತಿದ್ದೆ. ಪಾಠ ವೀಕ್ಷಣೆಯ ಪುಸ್ತಕದಲ್ಲಿ "ಆರಂಭದಲ್ಲಿ ನಾಲ್ಕು ನಿಮಿಷ ವ್ಯರ್ಥ" ಎಂದು ಬರೆಯಲಾಯಿತು. ಅಂಕ ಹೋದರೂ ಆ ನಾಲ್ಕು ನಿಮಿಷ ಬಿಡಲಿಲ್ಲ.

ಶಿಬಿರ ಮುಗಿದ ದಿನ ಗೇಟಿಗೆ ಮತ್ತೆ ಬೀಗ ಬಿತ್ತು. ತಮ್ಮನನ್ನು ಎತ್ತಿಕೊಂಡಿದ್ದ ಹುಡುಗಿ, "ನಾಳೆ ಎಷ್ಟಕ್ಕ ಬರೂದ್ರೀ?" ಎಂದು ಕೇಳಿದಳು. ನಮ್ಮ ಚಾರ್ಟಿನಲ್ಲಿ ನಾಳೆ ಎಂಬ ಮನೆ ಇರಲಿಲ್ಲ. ಜೂನ್‌ನಿಂದ ನಾವು ಮೂವರು ಪ್ರಶಿಕ್ಷಣಾರ್ಥಿಗಳು ಮತ್ತು ಗಿರಣಿ ಓಣಿಯ ಹುಡುಗ ಸೇರಿ ಭಾನುವಾರ ಎರಡು ತಾಸು ಮೈದಾನ ತೆರೆಯುತ್ತಿದ್ದೇವೆ. ಕೆಲವು ವಾರ 30 ಮಕ್ಕಳು, ಮಳೆ ಬಂದರೆ ಒಂಬತ್ತು. ನಮ್ಮ ಪರೀಕ್ಷೆ ಹತ್ತಿರ ಬಂತು. ಮುಂದಿನ ತಂಡದವರಲ್ಲಿ ಇಬ್ಬರು ಬಂದರೆ ಇದು ನಿಲ್ಲುವುದಿಲ್ಲ. ಬೀಗದ ಕೈ ನನ್ನ ಹತ್ತಿರ ಇದೆ, ಹೆಸರಿನ ಪಟ್ಟಿ ಆ ಹುಡುಗನ ಹತ್ತಿರ.