ರಾಮಾಚಾರಿ ಈ ಸಲವಾದರೂ ನಿಲ್ಲುವನೇ?

‘ನಾಗರಹಾವು’ ಚಿತ್ರವನ್ನು ಆರು ಸಲ ನೋಡಿದ್ದೇನೆ. ಆರನೇ ಸಲವೂ ಬೆಟ್ಟದ ತುದಿಯಲ್ಲಿ ನಿಂತ ವಿಷ್ಣುವರ್ಧನರ ರಾಮಾಚಾರಿಗೆ ‘ಬ್ಯಾಡೋ ಮಾರಾಯಾ!’ ಎಂದು ಕೂಗಬೇಕೆನಿಸಿತು. ಏನು ಕೂಗಿದರೇನು? ಪುಟ್ಟಣ್ಣ ಕಣಗಾಲರು 1972ರಲ್ಲೇ ಅವನ ಗತಿ ತೀರ್ಮಾನಿಸಿಬಿಟ್ಟಿದ್ದಾರೆ.

ನಮ್ಮ ಬಾಳೂ ಹೀಗೆ ಸುತ್ತಿಟ್ಟ ರೀಲೇ?

ಪಿಯುಸಿ ಪರೀಕ್ಷೆಯ ದಿನ ಖಾನಾಪುರದಿಂದ ಬೆಳಗಾವಿಗೆ ಬಂದವನು ಬಸ್ ಸ್ಟ್ಯಾಂಡಿನಲ್ಲೇ ಕೂತುಬಿಟ್ಟೆ. ಸಂಜೆ ಬಸ್ಸಿಗೆ ವಾಪಸ್. ‘ಹಣೀಬರಾ’ ಅಂದಳು ಅವ್ವ. ನನಗೂ ಅದೇ ಅನುಕೂಲವಾಯಿತು!

ಜೀವ ಕರ್ತನೇ ಹೌದು, ಆದರೆ ಸ್ವತಂತ್ರನಲ್ಲ, ಹರಿಯ ಅಧೀನ ಎಂದರು 13ನೇ ಶತಮಾನದ ನಮ್ಮ ಮಧ್ವಾಚಾರ್ಯರು. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಪ್ರಯೋಗ ಮಾಡಿ ತೋರಿಸಿದರು: ಕೈ ಆಡಿಸೋಣ ಎಂದು ನಮಗೆ ಅನ್ನಿಸುವುದಕ್ಕೆ ಸುಮಾರು 350 ಮಿಲಿಸೆಕೆಂಡು ಮೊದಲೇ ಮಿದುಳು ತಯಾರಿ ಶುರು ಮಾಡಿರುತ್ತದೆ. ಆದರೂ ಕೊನೇ ಗಳಿಗೆಯಲ್ಲಿ ತಡೆಯುವ ಶಕ್ತಿ ನಮಗುಂಟು ಎಂದವರೂ ಅವರೇ.

ಮೊನ್ನೆ ತಮ್ಮ ಪುಸ್ತಕ ಮುಚ್ಚಿಟ್ಟು, ‘ಅಣ್ಣಾ, ನೀನೂ ಬಿಟ್ಟಿ, ನಾನೂ ಬಿಡ್ತೀನಿ. ನಮ್ಮ ಹಣೀಬರಾನ ಇಷ್ಟು’ ಅಂದ. ‘ಹೌದಪಾ’ ಎನ್ನಲು ಬಾಯಿ ತೆರೆದೆ. ತಡೆದುಕೊಂಡೆ.

‘ಹಣೀಬರಾ ಅಲ್ಲೋ. ಅವತ್ತು ನಾ ಅಂಜಿ ಕೂತಿದ್ದೆ.’

ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ ಮಾತು.

ಮರುದಿನ ತಮ್ಮ ಬೆಳಗಾವಿ ಬಸ್ಸು ಹತ್ತಿದ. ಕಾಲೇಜಿಗೆ ಹೋದನೋ, ನನ್ನ ಹಾಗೆ ಕೂತನೋ, ನಾನು ಕೇಳಿಲ್ಲ. ರಾಮಾಚಾರಿಗೆ ನನ್ನ ಕೂಗು ಮುಟ್ಟಲಾರದು. ತಮ್ಮನಿಗೆ ಮುಟ್ಟಿತು. ಅಷ್ಟು ಸಾಕಲ್ಲವೇ?