ಜರಿಗಿಡದ ಗೋತ್ರ

ಮೃಗಶಿರದ ಮಳೆ ಹಿಡಿದು ಎಂಟು ದಿನಗಳಾಗುವಷ್ಟರಲ್ಲಿ ನಮ್ಮ ಕಾರವಾರ-ಅಂಕೋಲೆಗಳ ಚಿರೇಕಲ್ಲಿನ ಪಾಗಾರಗಳೂ ಬಾವಿಗಳ ಒಳಮೈಯೂ ಹಸಿರು ಹೊದ್ದುಕೊಳ್ಳುವವು. ನೆಟ್ಟವರಿಲ್ಲ, ಬಿತ್ತಿದವರಿಲ್ಲ. ಜರಿಗಿಡವೆಂದು ಹೇಳಿ ನಾವು ಸುಮ್ಮನಾಗುವೆವು. ಹೂವಿಲ್ಲದ್ದು ದೇವರ ಪೂಜೆಗೆ ಬಾರದು, ಕಾಯಿಲ್ಲದ್ದು ಅಡಿಗೆಗೆ ಬಾರದು. ಅದರ ಕುಲಗೋತ್ರಗಳನ್ನು ವಿಚಾರಿಸುವ ಗೊಡವೆ ಗೃಹಸ್ಥನಿಗೇಕೆ?

ನಾವು ಬಹುಕಾಲ ಸಂಸ್ಕೃತ ಪಾಠ ಹೇಳಿದವರು. ಅಮರಕೋಶದ ವನೌಷಧಿವರ್ಗವನ್ನು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಹೂವಿನಿಂದ ಫಲವಾಗುವದು ವಾನಸ್ಪತ್ಯ. ಹೂ ತೋರದೆ ಫಲವಾಗುವದು ವನಸ್ಪತಿ. ಫಲ ಮಾಗಿದೊಡನೆ ಅಳಿಯುವದು ಓಷಧಿ. ಎರಡೂ ಇಲ್ಲದ ಜರಿಗಿಡವು ಯಾವ ಪಂಕ್ತಿಯಲ್ಲಿ ಕೂಡ್ರಬೇಕು? ವೈದ್ಯರ ನಿಘಂಟುಗಳು ಹಂಸಪದಿ, ಮಯೂರಶಿಖೆ ಎಂದು ರೂಪ ನೋಡಿ ಚಂದದ ಹೆಸರಿಟ್ಟವು; ಮನೆ ಮಾತ್ರ ತೋರಿಸಲಿಲ್ಲ. ಪಶ್ಚಿಮದ ಪಂಡಿತರೂ ಹೆಚ್ಚೇನು ಮಾಡಲಿಲ್ಲ. 1753ನೆಯ ಇಸವಿಯಲ್ಲಿ ಲಿನೇಯಸನು ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿ, ಇವನ್ನೆಲ್ಲ ಹಾವಸೆ-ಅಣಬೆಗಳೊಡನೆ ಕಡೆಯ ವರ್ಗಕ್ಕೆ ನೂಕಿ, ಅದಕ್ಕೆ 'ಗೂಢವಿವಾಹ'ದ ವರ್ಗವೆಂದು ಹೆಸರಿಟ್ಟನು.

ಆ ಗೂಢವನ್ನು ಬಿಡಿಸಿದವರಲ್ಲಿ ಮುಖ್ಯನು ಜರ್ಮನಿಯ ಹಾಫ್‌ಮೈಸ್ಟರ್, 1851ರಲ್ಲಿ. ವಾಚಕರು ಜರಿಯ ಎಲೆಯ ಬೆನ್ನನ್ನು ತಿರುವಿ ನೋಡಲಿ. ಸಾಲಾಗಿ ಕಂದು ಚುಕ್ಕೆಗಳಿರುವವು. ಹುಳದ ತತ್ತಿಯೆಂದು ಹೆಂಗಸರು ಕಿತ್ತೊಗೆಯುವದುಂಟು. ಅವು ಬೀಜಾಣುಗಳ ಚೀಲಗಳ ಗುಂಪುಗಳು. ಉದುರಿದ ಬೀಜಾಣುವಿನಿಂದ ನೇರವಾಗಿ ಜರಿ ಹುಟ್ಟುವದಿಲ್ಲ. ಉಗುರಿಗಿಂತ ಕಿರಿದಾದ, ಹೃದಯಾಕಾರದ ಒಂದು ಹಸಿರು ಹಾಳೆ ಹುಟ್ಟುವದು. ಅದರ ಮೇಲೆಯೇ ಗಂಡು-ಹೆಣ್ಣಿನ ಸಮಾಗಮ. ಗಂಡಣುವು ಈಜಿ ಹೋಗಬೇಕು. ಅದಕ್ಕೆ ನೀರಿನ ತೆಳುಪೊರೆಯಾದರೂ ಬೇಕು. ಮಳೆಗಾಲದಲ್ಲಿ ಪಾಗಾರ ಹಸಿರಾಗುವದರ ಗುಟ್ಟು ಇಷ್ಟು.

ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಸೆರಗಿನಲ್ಲಿ ಆಳೆತ್ತರದ ಜರಿಯೊಂದು ಉಪ್ಪುನೀರಿನಲ್ಲಿಯೇ ನಿಂತಿರುವದು. ಅದರ ತುದಿಯ ಎಲೆಗಳ ಬೆನ್ನೆಲ್ಲ ಹಿತ್ತಾಳೆ ಬಣ್ಣದ ಬೀಜಾಣುಗಳಿಂದ ಮುಚ್ಚಿಹೋಗುವದು. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1922ರಲ್ಲಿ, ಬ್ಲಾಟರ್ ಪಾದ್ರಿಯವರೂ ಡಿ'ಆಲ್ಮೇಡಾ ಅವರೂ ಆ ಇಲಾಖೆಯ ಜರಿಗಳ ಮೇಲೆಯೇ ಒಂದು ಗ್ರಂಥ ಬರೆದರು.

ಇನ್ನು ಸಂಜೀವಿನಿಯ ಮಾತು. ನಮ್ಮ ತಾಯಿಯವರು ಕಡೆಯ ಬೇನೆಯಲ್ಲಿ ಮಲಗಿದ್ದಾಗ ಅಣ್ಣನವರು ಜಾತ್ರೆಯಿಂದ ಒಂದು ಒಣಮುದ್ದೆಯನ್ನು ತಂದರು. ಹನುಮಂತನು ತಂದ ಬೆಟ್ಟದ ಜರಿ ಇದೇ ಎಂದು ಮಾರುವವನು ಆಣೆಯಿಟ್ಟಿದ್ದನಂತೆ. ಬೋಗುಣಿಯ ನೀರಿನಲ್ಲಿಟ್ಟೆವು, ಬೆಳಗಾಗುವಷ್ಟರಲ್ಲಿ ಮುಷ್ಟಿ ಬಿಚ್ಚಿದಂತೆ ಅರಳಿ ಹಸಿರಾಗಿತ್ತು. ತಾಯಿಯವರು ನೋಡಿ, "ಅದಕ್ಕಾದರೂ ಜೀವ ಬಂತಲ್ಲೋ" ಎಂದರು. ಕಷಾಯ ಕುಡಿಸಿದ ಒಂಬತ್ತನೆಯ ದಿನ ತೀರಿಕೊಂಡರು. ಆ ಗಿಡಕ್ಕೆ ಒಣಗಿ ಬದುಕುವ ವಿದ್ಯೆ ಗೊತ್ತು. ಪರರನ್ನು ಬದುಕಿಸುವದು ಅದಕ್ಕೆ ತಿಳಿಯದು.

ಅದು ಜರಿಯೂ ಅಲ್ಲವೆಂಬುದನ್ನು ನಾವು ಬಹಳ ಕಾಲದ ಮೇಲೆ ಓದಿ ತಿಳಿದೆವು. ಜರಿಯ ಎಲೆಯಲ್ಲಿ ನರಗಳು ಕವಲೊಡೆಯುವವು. ಸಂಜೀವಿನಿಯ ಚಿಕ್ಕ ಎಲೆಗೆ ಒಂದೇ ನರ, ಬೀಜಾಣುಚೀಲವು ಎಲೆಯ ಕಂಕುಳಲ್ಲಿ. ನಮ್ಮಲ್ಲಿ ಸಂಬಂಧ ಬೆಳೆಸುವಾಗ ಮುಖದ ಹೋಲಿಕೆಯನ್ನು ನೋಡಿ ನಂಟು ಹೇಳುವವರಿಲ್ಲ. ಗೋತ್ರ, ಕುಲದೇವತೆ ಕೇಳುವರು. ಸಸ್ಯಶಾಸ್ತ್ರಜ್ಞರೂ ಈಗ ಹಾಗೆಯೇ ಜೀವಕಣದೊಳಗಿನ ವಂಶಲಿಪಿಯನ್ನು ಓದುವರು. 2001ರಲ್ಲಿ ಪ್ರಾಯರ್ ಎಂಬ ವಿದುಷಿಯೂ ಸಂಗಡಿಗರೂ ಪ್ರಕಟಿಸಿದ ವಂಶಾವಳಿಯಂತೆ, ಸಂಜೀವಿನಿಯ ಮನೆತನವು ಉಳಿದವರಿಂದ ಬೇರೆಯಾಗಿ ಸುಮಾರು 40 ಕೋಟಿ ವರ್ಷಗಳಾದವು. ಜರಿಗೆ ಹತ್ತಿರದ ದಾಯಾದಿಗಳು ಬೀಜ ಬಿಡುವ ಗಿಡಗಳು. ಎಂದರೆ ಬಾವಿಯ ಜರಿಯು ಸಂಜೀವಿನಿಗಿಂತ ಅಂಗಳದ ಮಾವಿಗೆ ಹೆಚ್ಚಿನ ನೆಂಟ! 2016ರ ಸಾರ್ವದೇಶಿಕ ವರ್ಗೀಕರಣದಲ್ಲಿ ಜರಿಗಳು ಸುಮಾರು 10,500 ಜಾತಿ, ಸಂಜೀವಿನಿಯ ಕಡೆಯವು ಸುಮಾರು 1,300. ಎರಡಕ್ಕೂ ಬೇರೆ ಬೇರೆ ವರ್ಗ.

ಇದನ್ನೆಲ್ಲ ಅಣ್ಣನವರಿಗೆ ಓದಿ ಹೇಳಿದೆವು. ಅವರು ಕೇಳಿದರು, ಅಲ್ಲಗಳೆಯಲಿಲ್ಲ. ಆ ಮುದ್ದೆ ಇನ್ನೂ ಅವರ ಮನೆಯ ಅಟ್ಟದ ಮೇಲಿದೆ. ತಾಯಿಯವರ ತಿಥಿಯ ದಿನ ಅದನ್ನು ಇಳಿಸಿ ನೀರಿಗೆ ಹಾಕುವರು. ಎಲೆ ಬಿಚ್ಚುವದು, ಹಸಿರು ಮಾತ್ರ ಈಗ ಬರುವದಿಲ್ಲ.